ಮುಳ್ಳೂರಿನ ರಾಜಮಾತೆ ಪೋಚಬ್ಬರಸಿ ಮತ್ತು ಪರೋಕ್ಷವಿನಯ

ಶ್ರಾವಕನ ಮನೆಯಲ್ಲಿ ಹುಟ್ಟಿದ ಮಗುವಿಗೆ ಪಂಚನಮಸ್ಕಾರವನ್ನು ಮೊದಲು ಕಲಿಸುವವರು ಯಾರು? ಮುನಿಗಳಲ್ಲ, ಪಂಡಿತರಲ್ಲ, ಪಾಠಶಾಲೆಯ ಉಪಾಧ್ಯಾಯರೂ ಅಲ್ಲ. ತಾಯಿ, ಅನೇಕ ಮನೆಗಳಲ್ಲಿ ತಾಯಿಗಿಂತಲೂ ಮೊದಲು ಅಜ್ಜಿ. ಅಷ್ಟಮಿ ಚತುರ್ದಶಿಗಳ ಲೆಕ್ಕ, ನೀರು ಸೋಸುವ ಬಟ್ಟೆ, ಸೂರ್ಯಾಸ್ತಕ್ಕೆ ಮುಂಚೆ ಆರಬೇಕಾದ ಒಲೆ, ಇವೆಲ್ಲ ಆಕೆಯ ಅಧಿಕಾರಕ್ಕೆ ಸೇರಿದ ವಿಷಯಗಳು. ಗ್ರಂಥದಲ್ಲಿ ಚರಣಾನುಯೋಗವೆಂದು ಕರೆಯಲ್ಪಡುವುದು ಮನೆಯಲ್ಲಿ ಆಕೆಯ ಕೈಯಿಂದಲೇ ನಡೆಯುತ್ತದೆ. ಆದರೂ ಇಂತಹ ತಾಯಂದಿರ ಹೆಸರು ಚರಿತ್ರೆಯಲ್ಲಿ ಉಳಿಯುವುದು ವಿರಳ. ಉಳಿದಿರುವ ಕೆಲವೇ ಹೆಸರುಗಳಲ್ಲಿ ಒಂದು ಕೊಡಗಿನ ನೆಲದಲ್ಲಿದೆ. ಆ ಹೆಸರನ್ನೂ ಅದರೊಡನೆ ಹೊಂದಿಕೊಂಡ ಒಂದು ಸಿದ್ಧಾಂತ ವಿಷಯವನ್ನೂ ಇಲ್ಲಿ ವಿಚಾರಿಸಲಾಗಿದೆ.

ಕೊಡಗು ಎಂದೊಡನೆ ಇಂದಿನವರಿಗೆ ಕಾಫಿ ತೋಟ, ಕಿತ್ತಳೆ, ಜೇನು, ತಲಕಾವೇರಿ ಇವು ನೆನಪಾಗುತ್ತವೆ, ಜಿನಧರ್ಮ ನೆನಪಾಗುವುದಿಲ್ಲ. ಆದರೆ ಈ ನಾಡಿನ ಹಳೆಯ ಶಾಸನಗಳನ್ನು ತೆರೆದರೆ ಮೊದಲು ಕಾಣುವುದೇ ಜಿನಾಲಯಗಳು. ಕ್ರಿ.ಶ. 888ರ ಬಿಳಿಯೂರು ಶಾಸನದಲ್ಲಿ ಗಂಗ ದೊರೆಯು ಪೆಣ್ಣೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಶಿವನಂದಿ ಸಿದ್ಧಾಂತ ಭಟಾರರ ಶಿಷ್ಯರಾದ ಸರ್ವನಂದಿ ದೇವರಿಗೆ ಹಳ್ಳಿಗಳನ್ನು ದತ್ತಿ ಕೊಟ್ಟಿದ್ದಾನೆ. ಅದಾದ ಸುಮಾರು ತೊಂಬತ್ತು ವರ್ಷಗಳ ಅನಂತರದ ಪೆಗ್ಗೂರು ಶಾಸನದಲ್ಲಿ ರಾಚಮಲ್ಲನ ತಮ್ಮನಾದ ರಕ್ಕಸನ ಕಾಲದಲ್ಲಿ ಬೆಳಗೊಳದ ಅನಂತವೀರ್ಯಯ್ಯನಿಗೆ ಊರನ್ನು ಕೊಟ್ಟ ಮಾತಿದೆ. ಶ್ರವಣಬೆಳಗೊಳದ ಮುನಿಪರಂಪರೆಗೂ ಈ ಮಲೆನಾಡಿಗೂ ಅಷ್ಟು ಹಿಂದಿನಿಂದ ಹೋಗಿಬರುವ ದಾರಿ ಇತ್ತು.

ಉತ್ತರ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, ಶನಿವಾರಸಂತೆಯ ಕಡೆಗೆ, ಮುಳ್ಳೂರು ಎಂಬ ಗ್ರಾಮವಿದೆ. ಅಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ತೀರ್ಥಂಕರರ ಮೂರು ಕಲ್ಲಿನ ಬಸದಿಗಳಿವೆ. ಹನ್ನೊಂದನೆಯ ಶತಮಾನದಲ್ಲಿ ಇದು ಕೊಂಗಾಳ್ವರ ನಾಡು. ರಾಜರಾಜ ಚೋಳನ ಕಾಲದಲ್ಲಿ, ಕ್ರಿ.ಶ. 1004ರ ಸುಮಾರಿಗೆ, ಪಣಸೋಗೆಯ ಕಾಳಗದಲ್ಲಿ ಶೌರ್ಯ ತೋರಿದ ಮನಿಜನೆಂಬ ವೀರನಿಗೆ ಚೋಳರು ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಮಾಳವ್ವಿ ಎಂಬ ಊರನ್ನೂ ಕೊಟ್ಟರು. ಕಾವೇರಿ ಹೇಮಾವತಿಗಳ ನಡುವಿನ ಸೀಮೆಯಲ್ಲಿ, ಅಂದರೆ ಇಂದಿನ ಅರಕಲಗೂಡು ಮತ್ತು ಉತ್ತರ ಕೊಡಗಿನಲ್ಲಿ, ಆ ವಂಶವು ಬೇರೂರಿತು. ಒಡೆಯರು ಶೈವರಾದ ಚೋಳರು. ರಾಜೇಂದ್ರ, ರಾಜಾಧಿರಾಜ ಎಂಬ ಹೆಸರುಗಳನ್ನು ಕೂಡ ಈ ಅರಸರು ಆ ಒಡೆಯರಿಂದಲೇ ಪಡೆದರು. ಆದರೆ ದೇವರನ್ನೂ ಗುರುವನ್ನೂ ಅವರು ಬೇರೆಡೆಯಿಂದ ತರಲಿಲ್ಲ. ಅರಮನೆಯ ಹೊರಗೆ ಚೋಳರ ಬಿರುದು, ಒಳಗೆ ಜಿನೇಂದ್ರನ ಪೂಜೆ. ಇಂತಹ ಮನೆಯಲ್ಲಿ ಧರ್ಮವನ್ನು ಹಿಡಿದು ನಿಲ್ಲಿಸಿದವರು ಯಾರೆಂದು ಕೇಳಿದರೆ ಮುಳ್ಳೂರಿನ ಕಲ್ಲು ಒಬ್ಬ ತಾಯಿಯ ಹೆಸರನ್ನು ಹೇಳುತ್ತದೆ.

ಆಕೆಯೇ ಪೋಚಬ್ಬರಸಿ. ಕೊಂಗಾಳ್ವ ಅರಸನ ತಾಯಿ. ದ್ರವಿಳಗಣ, ನಂದಿಸಂಘ, ಅರುಂಗಳಾನ್ವಯದ ಗುಣಸೇನ ಪಂಡಿತರ ಶ್ರಾವಿಕಾ ಶಿಷ್ಯೆ. ಕ್ರಿ.ಶ. 1058ರಲ್ಲಿ ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಮಾಡಿಸಿದ ಬಸದಿಗೆ ಭೂಮಿಯನ್ನು ದತ್ತಿ ಬಿಟ್ಟನು. ಅದೇ ಕಾಲದಲ್ಲಿ ರಾಜಮಾತೆ ಪೋಚಬ್ಬರಸಿಯು ತನ್ನ ಗುರುಗಳಾದ ಗುಣಸೇನ ಪಂಡಿತರ ಪ್ರತಿಮೆಯನ್ನು ಮಾಡಿಸಿ ಧಾರಾಪೂರ್ವಕವಾಗಿ ಒಪ್ಪಿಸಿದಳು. ಮುಳ್ಳೂರಿನಲ್ಲಿ ಬಸದಿಯನ್ನು ಕಟ್ಟಿಸಿದ ಕೀರ್ತಿಯನ್ನೂ ಚರಿತ್ರಕಾರರು ಆಕೆಗೆ ಕೊಟ್ಟಿದ್ದಾರೆ. ಕಲ್ಲಿನ ಮೇಲೆ ಆಕೆಯ ಬಗೆಗಿರುವುದು ಬಹುಮಟ್ಟಿಗೆ ಇಷ್ಟೆ. ರೂಪವರ್ಣನೆಯಿಲ್ಲ, ಬಿರುದಾವಳಿಯಿಲ್ಲ. ಇಬ್ಬರ ಸಂಬಂಧದಿಂದ ಆಕೆ ಗುರುತಿಸಲ್ಪಟ್ಟಿದ್ದಾಳೆ: ಮಗನಿಗೆ ತಾಯಿ, ಗುರುವಿಗೆ ಶಿಷ್ಯೆ.

ಈ ಪ್ರತಿಮೆಯ ಸಂಗತಿಯನ್ನು ವಾಚಕರು ಸ್ವಲ್ಪ ನಿಂತು ಗಮನಿಸಬೇಕು. ರಾಜಮಾತೆಯ ಕೈಯಲ್ಲಿ ದ್ರವ್ಯವಿತ್ತು, ಶಿಲ್ಪಿಗಳಿದ್ದರು. ಆಕೆ ಬಯಸಿದ್ದರೆ ತನ್ನ ರೂಪವನ್ನೇ ಕಲ್ಲಿನಲ್ಲಿ ಕಡೆಯಿಸಬಹುದಿತ್ತು. ಆಕೆ ಕಡೆಯಿಸಿದ್ದು ಗುರುವಿನ ರೂಪವನ್ನು. ಅದೂ ಗುರುಗಳು ಇನ್ನೂ ಜೀವಿಸಿದ್ದಾಗ. ಏಕೆಂದರೆ ಪುಷ್ಪಸೇನ ಸಿದ್ಧಾಂತದೇವರ ಶಿಷ್ಯರಾದ ಗುಣಸೇನ ಪಂಡಿತರು ದೇಹವನ್ನು ಬಿಟ್ಟದ್ದು 1064ರಲ್ಲಿ ಎಂದು ಮುಳ್ಳೂರಿನ ಇನ್ನೊಂದು ಶಾಸನ ಹೇಳುತ್ತದೆ. ಇದ್ದ ಗುರುವಿಗೆ ಪ್ರತಿಮೆಯೇಕೆ ಎಂದು ಕೆಲವರು ಕೇಳಬಹುದು. ಮುನಿಗಳು ಒಂದೆಡೆ ನಿಲ್ಲುವವರಲ್ಲ. ವರ್ಷಾಯೋಗದ ನಾಲ್ಕು ತಿಂಗಳು ಮಾತ್ರ ಒಂದು ಊರು. ಕಾರ್ತಿಕ ಮುಗಿದೊಡನೆ ವಿಹಾರ. ಆಷಾಢದಿಂದ ಕೊಡಗಿನಲ್ಲಿ ಹಿಡಿಯುವ ಮಳೆಯನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ಅರ್ಥ ತಿಳಿದಿದೆ. ನೆಲವೆಲ್ಲ ಹಸಿರು ಪಾಚಿ, ಹೆಜ್ಜೆಯಿಟ್ಟಲ್ಲೆಲ್ಲ ಜೀವರಾಶಿ. ಈರ್ಯಾಸಮಿತಿಯನ್ನು ಪಾಲಿಸುವ ಸಾಧುವಿಗೆ ಅಲ್ಲಿ ನಡೆದಾಡುವುದೇ ಸಾಧ್ಯವಿಲ್ಲ. ಮಳೆ ನಿಂತು ಗುರು ಹೊರಟ ಮೇಲೆ ಉಳಿದ ಎಂಟು ತಿಂಗಳು ಗೃಹಸ್ಥೆಯ ಮುಂದೆ ಇರುವುದು ಗುರುವಿನ ಉಪದೇಶ ಮತ್ತು ನೆನಪು. ಕಣ್ಣೆದುರಿಲ್ಲದವರಿಗೆ ಸಲ್ಲಿಸುವ ಆ ಗೌರವಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರಿದೆ. ಅದನ್ನು ಮುಂದೆ ಹೇಳಲಾಗುವುದು.

ಗುಣಸೇನ ಪಂಡಿತರೂ ಮುಳ್ಳೂರಿಗೆ ಒಂದು ಗುರುತನ್ನು ಬಿಟ್ಟುಹೋಗಿದ್ದಾರೆ. ಊರಿಗೆ ಧರ್ಮವಾಗಿ ಅವರು ಅಗೆಯಿಸಿದ ನಾಗಬಾವಿಯ ಮಾತು ಅಲ್ಲಿನ ಶಾಸನದಲ್ಲಿದೆ. ದ್ರವಿಳ ಸಂಘದ ವಿಷಯ ತಿಳಿದವರಿಗೆ ಇದು ಕುತೂಹಲದ ಸಂಗತಿ. ಹತ್ತನೆಯ ಶತಮಾನದ ದೇವಸೇನಾಚಾರ್ಯರು ತಮ್ಮ ದರ್ಶನಸಾರದಲ್ಲಿ ಈ ಸಂಘವನ್ನು ಕಟುವಾಗಿ ಟೀಕಿಸಿ, ವಜ್ರನಂದಿಯಿಂದ ಹುಟ್ಟಿದ ಇದರಲ್ಲಿ ತಣ್ಣೀರಿನ ಸ್ನಾನ, ಬೇಸಾಯ, ವ್ಯಾಪಾರಗಳಿಗೂ ಅವಕಾಶ ಕೊಟ್ಟಿದ್ದಾರೆಂದು ಆಕ್ಷೇಪಿಸಿದ್ದಾರೆ. ಆಕ್ಷೇಪವು ಎಲ್ಲ ದ್ರವಿಳ ಮುನಿಗಳಿಗೂ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ವಾದಿರಾಜಸೂರಿಗಳಂತಹ ಮಹಾವಿದ್ವಾಂಸರು ಇದೇ ಪರಂಪರೆಯವರು. ಊರಿನ ಜನಕ್ಕೆ ನೀರಾಗಲೆಂದು ಬಾವಿ ತೋಡಿಸಿದ್ದನ್ನು ಆರಂಭದೋಷವೆಂದು ಎಣಿಸುವುದೋ, ಪರೋಪಕಾರವೆಂದು ಎಣಿಸುವುದೋ, ಇದು ಪಂಡಿತರ ಚರ್ಚೆ. ಆ ಬಾವಿಯಿಂದ ನೀರು ಸೇದಿ ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯ ಜೀವಾಣಿಯನ್ನು ಮರಳಿ ಅದೇ ಬಾವಿಗೆ ಮೆಲ್ಲನೆ ಇಳಿಬಿಟ್ಟ ಕೈಗಳು ಮಾತ್ರ ಮುಳ್ಳೂರಿನ ತಾಯಂದಿರವು.

ಪೋಚಬ್ಬರಸಿಯ ಅನಂತರವೂ ಕೊಂಗಾಳ್ವರ ಭಕ್ತಿ ಕುಂದಲಿಲ್ಲ. 1079ರಲ್ಲಿ ಆ ವಂಶದ ಅದಟರಾದಿತ್ಯನು ತನ್ನ ಗುರುಗಳಾದ ಗಂಡವಿಮುಕ್ತ ಸಿದ್ಧಾಂತದೇವರಿಗಾಗಿ ಜಿನಚೈತ್ಯಾಲಯವನ್ನು ಮಾಡಿಸಿದನು. ಗುರುಪರಂಪರೆ ಬದಲಾಗಿದೆ, ಇವರು ಮೂಲಸಂಘದವರು. ಬಸದಿ ಕಟ್ಟಿಸುವ ಮನೆತನದ ರೂಢಿ ಬದಲಾಗಿಲ್ಲ. ಅರಸು ಮಕ್ಕಳು ಅರಮನೆಯಲ್ಲಿ ಕಣ್ಣುಬಿಟ್ಟಾಗ ಕಂಡದ್ದು ಅಜ್ಜಿಯರ ಪೂಜೆಯನ್ನಲ್ಲವೆ?

ಈಗ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲವನ್ನು ದಾಟಬೇಕು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, 1390ರ ಸುಮಾರಿಗೆ, ಅದೇ ಮುಳ್ಳೂರಿನಲ್ಲಿ ಸುಗುಣಿದೇವಿ ಎಂಬ ರಾಣಿಯು ಚಂದ್ರನಾಥ ಸ್ವಾಮಿಯ ಪ್ರತಿಮೆಯನ್ನು ಪ್ರತಿಷ್ಠೆ ಮಾಡಿಸಿ ಭೂಮಿಯನ್ನು ಬಿಟ್ಟಳು. ಯಾರ ಪುಣ್ಯಕ್ಕಾಗಿ? ತನ್ನ ತಾಯಿಯ ಪುಣ್ಯಕ್ಕಾಗಿ. ಆ ತಾಯಿಯ ಹೆಸರೂ ಪೋಚಬ್ಬರಸಿ! ಮೊದಲಿನ ಪೋಚಬ್ಬರಸಿಗೂ ಈಕೆಗೂ ಹತ್ತು ಹನ್ನೆರಡು ತಲೆಮಾರುಗಳ ಅಂತರ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಪದ್ಧತಿ ನಮ್ಮ ನಾಡಿನಲ್ಲಿ ಹಳೆಯದು. ಆ ಹೆಸರು ಒಂದೇ ಊರಿನಲ್ಲಿ ಎರಡು ಸಲ ಜಿನಬಿಂಬದ ಸನ್ನಿಧಿಯಲ್ಲಿ ಕೇಳಿಬರುವುದು ಶಾಸನ ಓದುವವರಿಗೆ ಸಂತೋಷವನ್ನು ಉಂಟುಮಾಡುವ ವಿಷಯ.

ಇಷ್ಟು ಚರಿತ್ರೆ. ಇನ್ನು ಸಿದ್ಧಾಂತ.

‘ತಾಯಿಗೆ ಪುಣ್ಯವಾಗಲಿ’ ಎಂದು ಮಗಳು ಬಿಂಬ ಮಾಡಿಸಿದರೆ ಆ ಪುಣ್ಯವು ತಾಯಿಗೆ ಹೋಗುತ್ತದೆಯೆ? ಜೈನರಾದವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಜೀವನು ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣಬೇಕು; ಒಬ್ಬರು ಗಳಿಸಿದ ಪುಣ್ಯವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯಿಸುವ ಏರ್ಪಾಡು ನಮ್ಮ ದರ್ಶನದಲ್ಲಿ ಇಲ್ಲ. ಆದುದರಿಂದಲೇ ಪಿಂಡಪ್ರದಾನ, ತರ್ಪಣ ಮೊದಲಾದವುಗಳನ್ನು ನಮ್ಮ ಆಚಾರ್ಯರು ಒಪ್ಪಲಿಲ್ಲ. ಹಾಗಾದರೆ ಸುಗುಣಿದೇವಿಯ ಶಾಸನವನ್ನು ಬರೆಯಿಸಿದವರಿಗೆ ಸಿದ್ಧಾಂತ ತಿಳಿದಿರಲಿಲ್ಲವೆ? ಹಾಗೆ ಹೇಳುವುದು ದುಡುಕು. ಇದಕ್ಕೆ ಎರಡು ದಾರಿಯ ಸಮಾಧಾನವುಂಟು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವಕ್ಕೆ ಕಾರಣವಾದ ಕ್ರಿಯೆಯನ್ನು ವಿಂಗಡಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರು ಭೇದಗಳನ್ನು ಹೇಳಿದ್ದಾರೆ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮನಃಪೂರ್ವಕ ಒಪ್ಪುವುದು. ಅಲ್ಲಿ ಪ್ರಸಂಗ ಹಿಂಸಾದಿಗಳದ್ದಾದರೂ ನ್ಯಾಯವು ಪುಣ್ಯಕ್ರಿಯೆಗೂ ಸಮಾನ. ತಾಯಿ ಜೀವಿಸಿದ್ದು, ಮಗಳು ಮಾಡಿಸುವ ಬಿಂಬವನ್ನು ಕಂಡು ‘ಒಳ್ಳೆಯದಾಯಿತು’ ಎಂದು ಹರ್ಷಿಸಿದರೆ, ಆ ಹರ್ಷವು ತಾಯಿಯ ಸ್ವಂತ ಪರಿಣಾಮ. ಆ ಪುಣ್ಯವೂ ಆಕೆಯ ಸ್ವಂತ ಗಳಿಕೆ. ಮಗಳು ಕೊಟ್ಟದ್ದು ಪುಣ್ಯವನ್ನಲ್ಲ, ಪುಣ್ಯಕ್ಕೆ ನಿಮಿತ್ತವನ್ನು. ಹೆತ್ತವರು ಇರುವಾಗಲೇ ಅವರ ಕಣ್ಣ ಮುಂದೆ ದಾನಪೂಜೆಗಳನ್ನು ಮಾಡುವುದು ಲೇಸೆಂದು ಹಿರಿಯರು ಹೇಳುವುದರ ಶಾಸ್ತ್ರಾಧಾರ ಇದೇ. ತೀರಿಕೊಂಡ ಮೇಲೆ ಕಟ್ಟಿಸುವ ಛತ್ರಕ್ಕಿಂತ ಇದ್ದಾಗ ಮಾಡಿಸುವ ಒಂದು ಯಾತ್ರೆ ತಾಯಿಗೆ ಹೆಚ್ಚು ಉಪಕಾರಿ.

ತಾಯಿ ದಿವಂಗತಳಾಗಿದ್ದರೆ? ಆಗ ಎರಡನೆಯ ದಾರಿ. ಅದಕ್ಕೇ ಪರೋಕ್ಷವಿನಯವೆಂದು ಹೆಸರು. ಶ್ರವಣಬೆಳಗೊಳದ ನಿಸಿಧಿ ಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ವಿನಯವು ಲೋಕದ ಮಾತಿನಲ್ಲಿ ನಯವಾದ ನಡವಳಿಕೆ. ಶಾಸ್ತ್ರದಲ್ಲಿ ಅದು ತಪಸ್ಸು. ಬಾಹ್ಯತಪಸ್ಸುಗಳಲ್ಲಿ ಮೊದಲನೆಯದು ಅನಶನ, ಅಂದರೆ ಉಪವಾಸ. ಆಭ್ಯಂತರ ತಪಸ್ಸುಗಳಾರರಲ್ಲಿ ಪ್ರಾಯಶ್ಚಿತ್ತದ ಅನಂತರ ಬರುವುದೇ ವಿನಯ. ಅದರಲ್ಲಿ ಜ್ಞಾನ, ದರ್ಶನ, ಚಾರಿತ್ರ, ಉಪಚಾರ ಎಂದು ನಾಲ್ಕು ಬಗೆ. ನಾಲ್ಕನೆಯದಾದ ಉಪಚಾರವಿನಯವನ್ನು ವಿವರಿಸುವಾಗ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು, ಎದುರಿಗೆ ಬಂದ ಆಚಾರ್ಯಾದಿಗಳಿಗೆ ಎದ್ದು ನಿಲ್ಲುವುದು ಕೈಮುಗಿಯುವುದು ಮಾತ್ರವಲ್ಲ, ಅವರು ಪರೋಕ್ಷರಾಗಿರುವಾಗಲೂ ಕಾಯ ವಾಕ್ ಮನಸ್ಸುಗಳಿಂದ ಅಂಜಲಿ ಮಾಡುವುದು, ಗುಣಗಳನ್ನು ಕೀರ್ತಿಸುವುದು, ಸ್ಮರಿಸುವುದು ಇವೂ ಆ ವಿನಯವೇ ಎಂದಿದ್ದಾರೆ. ಹೀಗಾಗಿ ಹೊಟ್ಟೆಯ ಉಪವಾಸ ಹೇಗೆ ತಪಸ್ಸೋ ಹಾಗೆ ಗುಣವಂತರ ಸ್ಮರಣೆಯೂ ತಪಸ್ಸು. ಸ್ಮರಿಸುವವನ ಅಹಂಕಾರವು ಅದರಲ್ಲಿ ಸವೆಯುತ್ತದೆ. ಫಲ ಸ್ಮರಿಸುವವನಿಗೆ, ಸ್ಮರಿಸಲ್ಪಟ್ಟವರಿಗಲ್ಲ. ಕರ್ಮಸಿದ್ಧಾಂತಕ್ಕೆ ಇಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ.

ಪೂಜ್ಯಪಾದರ ಮಾತು ಆಚಾರ್ಯಾದಿಗಳ ವಿಷಯದಲ್ಲಿ ಬಂದದ್ದು, ಗೃಹಸ್ಥೆಯಾದ ತಾಯಿಗೆ ಅದು ಹೇಗೆ ಅನ್ವಯಿಸೀತು ಎಂಬ ಶಂಕೆ ಬರಬಹುದು. ಶಂಕೆ ನ್ಯಾಯವಾದುದೇ. ಹೆತ್ತಳೆಂಬ ಮಾತ್ರದಿಂದ ಆಕೆಯ ಸ್ಮರಣೆ ತಪಸ್ಸಾಗದು. ಅದು ಮೋಹವೂ ಆಗಬಹುದು. ಆಕೆಯಲ್ಲಿದ್ದ ವ್ರತಶೀಲಗಳನ್ನು ಕುರಿತ ಸ್ಮರಣೆಯಾದರೆ ಅದು ವಿನಯ. ಭಾವಚಿತ್ರಕ್ಕೆ ಹೂವಿನ ಮಾಲೆ ಹಾಕಿ ಕಣ್ಣೀರಿಡುವುದಕ್ಕೂ, ಆಕೆ ಹಿಡಿದಿದ್ದ ಅಷ್ಟಮಿಯ ನಿಯಮವನ್ನು ತಾನೂ ಹಿಡಿಯುವುದಕ್ಕೂ ಇರುವ ಅಂತರ ಇದು. ಪೋಚಬ್ಬರಸಿ ತನ್ನ ಮಗನಿಗೆ ತನ್ನ ರೂಪವನ್ನು ಬಿಡದೆ ಗುರುವಿನ ರೂಪವನ್ನು ಬಿಟ್ಟುಹೋದದ್ದು ಈ ಕಾರಣದಿಂದ ಉಚಿತವಾಗಿದೆ.

ಶ್ರವಣಬೆಳಗೊಳದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಾಯಿಯ ಹೆಸರೂ ಪೋಚಿಕಬ್ಬೆ, ಪೋಚವ್ವೆ. ಚಿಕ್ಕಬೆಟ್ಟದ ಮೇಲಿರುವ ಕತ್ತಲೆ ಬಸದಿಯನ್ನು ಗಂಗರಾಜನು 1118ರ ಸುಮಾರಿಗೆ ಕಟ್ಟಿಸಿದ್ದು ಈ ತಾಯಿಗಾಗಿ. ಒಳಗೆ ಆದಿನಾಥ ಸ್ವಾಮಿ, ಕಿಟಕಿಗಳಿಲ್ಲದ ಕತ್ತಲೆ. ಕೆಲವೇ ವರ್ಷಗಳಲ್ಲಿ ಆ ತಾಯಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ಮಗನು ನಿಸಿಧಿಯನ್ನು ನಿಲ್ಲಿಸಿದನು. ಇಲ್ಲಿ ಎರಡು ದಾರಿಗಳೂ ಒಟ್ಟಿಗಿವೆ. ಇದ್ದಾಗ ಬಸದಿ, ಹೋದ ಮೇಲೆ ನಿಸಿಧಿ. ಅನುಮೋದನೆಗೆ ಒಂದು, ಪರೋಕ್ಷವಿನಯಕ್ಕೆ ಒಂದು. ನೂರಾರು ಯುದ್ಧಗಳನ್ನು ಕಂಡ ದಂಡನಾಯಕನು ಈ ಸೂಕ್ಷ್ಮವನ್ನು ತಿಳಿದಿದ್ದನು.

ಸಲ್ಲೇಖನದ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುವುದು ಆವಶ್ಯಕ. ಇಂದಿನ ಮನೆಗಳಲ್ಲಿ ಹೆಚ್ಚು ಗೊಂದಲಕ್ಕೆ ಕಾರಣವಾಗಿರುವುದು ಇದೇ ವಿಷಯ. ವೃದ್ಧೆಯಾದ ತಾಯಿ ‘ನನಗೆ ಇನ್ನು ಆಹಾರ ಬೇಡ’ ಎನ್ನುತ್ತಾಳೆ. ಒಬ್ಬ ಮಗ ಆಸ್ಪತ್ರೆಗೆ ಸೇರಿಸೋಣವೆನ್ನುತ್ತಾನೆ, ಇನ್ನೊಬ್ಬ ಧರ್ಮಕ್ಕೆ ಅಡ್ಡಿ ಮಾಡಬಾರದೆನ್ನುತ್ತಾನೆ. ಸೊಸೆಯಂದಿರು ಲೋಕಾಪವಾದಕ್ಕೆ ಅಂಜುತ್ತಾರೆ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ಹೇಳಿದುದೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟುದೂ ವಾಚಕರಿಗೆ ತಿಳಿದೇ ಇದೆ. ನ್ಯಾಯಾಲಯದ ಮಾತು ಹಾಗಿರಲಿ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಏನು ಹೇಳಿದ್ದಾರೆಂಬುದನ್ನು ಮನೆಯವರು ಮೊದಲು ತಿಳಿಯಬೇಕು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಸ್ಥಿತಿಗೆ ಬಂದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ. ಪ್ರತೀಕಾರವಿದ್ದಲ್ಲಿ ಸಲ್ಲೇಖನವಿಲ್ಲ. ವಾಸಿಯಾಗುವ ಜ್ವರಕ್ಕೆ ಔಷಧಿ ಬೇಡವೆಂದು ಹಟ ಹಿಡಿಯುವುದು ವ್ರತವಲ್ಲ. ಸಮಂತಭದ್ರರೇ ಭಸ್ಮಕ ವ್ಯಾಧಿಯಿಂದ ಪೀಡಿತರಾಗಿ ಸಲ್ಲೇಖನವನ್ನು ಬೇಡಿದಾಗ, ಅವರಿಂದ ಧರ್ಮಕ್ಕೆ ಇನ್ನೂ ಆಗಬೇಕಾದ ಕಾರ್ಯವಿದೆಯೆಂದು ಗುರುಗಳು ಒಪ್ಪಲಿಲ್ಲವೆಂಬ ಕಥೆ ನಮ್ಮ ಪರಂಪರೆಯಲ್ಲಿದೆ. ಗುರುವಿನ ಒಪ್ಪಿಗೆಯಿಲ್ಲದೆ, ತಾನೇ ನಿಶ್ಚಯಿಸಿ ಊಟ ಬಿಡುವುದಕ್ಕೆ ಶಾಸ್ತ್ರದ ಬೆಂಬಲವಿಲ್ಲ.

ಕ್ರಮವೂ ಹಾಗೆಯೇ. ಮೊದಲು ಸ್ನೇಹ ವೈರ ಸಂಗ ಪರಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ತಾನು ಕ್ಷಮಿಸಿ, ಅವರಿಂದ ಕ್ಷಮೆ ಬೇಡುವುದು. ಅನಂತರ ಆಹಾರವನ್ನು ಮೆಲ್ಲಮೆಲ್ಲನೆ ಇಳಿಸಿ ಹಾಲು ಮೊದಲಾದ ಸ್ನಿಗ್ಧಪಾನ, ಅದನ್ನೂ ಇಳಿಸಿ ಕಾಂಜಿ ಮಜ್ಜಿಗೆ ಮೊದಲಾದ ಖರಪಾನ, ಕೊನೆಗೆ ನೀರು, ಆ ಮೇಲೆ ಶಕ್ತಿಯಿದ್ದಷ್ಟು ಉಪವಾಸ. ಕಷಾಯ ಕೃಶವಾಗದೆ ಕಾಯ ಮಾತ್ರ ಕೃಶವಾದರೆ ಅದು ಸಲ್ಲೇಖನವಾಗದು.

ತಾಯಂದಿರಿಗೂ ಅಜ್ಜಿಯರಿಗೂ ಇದರಲ್ಲಿ ಅತ್ಯಂತ ಕಠಿನವಾದುದು ಹಸಿವೆಯಲ್ಲ; ಜೀವಮಾನವೆಲ್ಲ ಉಪವಾಸ ಮಾಡಿದವರಿಗೆ ಹಸಿವೆ ಹೊಸದಲ್ಲ. ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕುವ ಆಸೆ, ಸಾಯುವ ಆಸೆ ಇವುಗಳ ಜೊತೆಯಲ್ಲಿ ಮಿತ್ರಾನುರಾಗವೆಂಬುದನ್ನೂ ಎಣಿಸಿದ್ದಾರೆ. ಹತ್ತಿರದವರ ಮೇಲಿನ ಮಮತೆ! ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಕೈಗೆ ಅದನ್ನು ಬಿಡುವುದು ಎಷ್ಟು ಕಷ್ಟವೆಂಬುದನ್ನು ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯ ವೃತ್ತಾಂತ ತೋರಿಸುತ್ತದೆ. 1131ರಲ್ಲಿ ಶಿವಗಂಗೆಯಲ್ಲಿ ಮಗಳು ಶಾಂತಲೆ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಆ ತಾಯಿ ಬೆಳಗೊಳಕ್ಕೆ ಬಂದು ಸಂನ್ಯಸನವನ್ನು ಕೈಕೊಂಡಳೆಂದು ಶಾಸನವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಶೋಕದಿಂದ ಹುಟ್ಟಿದ ಸಂಕಲ್ಪವು ಶುದ್ಧವಾದುದೆ ಎಂಬ ಸಂದೇಹ ಯಾರಿಗಾದರೂ ಬರುವುದು ಸಹಜ. ಆದರೆ ಮುಂದಿನ ಭಾಗವನ್ನೂ ಓದಬೇಕು. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಈ ಗುರುಗಳ ಸನ್ನಿಧಿಯಲ್ಲಿ, ಎಲ್ಲರಿಗೂ ತಿಳಿಯುವಂತೆ, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ ಆಕೆ ಒಂದು ತಿಂಗಳು ಅನಶನವನ್ನು ನಡೆಸಿದಳು. ಒಂದು ತಿಂಗಳೆಂದರೆ ಸಾಮಾನ್ಯವಲ್ಲ. ಶೋಕದ ವೇಗದಲ್ಲಿ ಕೈಕೊಂಡ ಕಾರ್ಯ ಒಂದೆರಡು ದಿನ ನಿಂತೀತು. ತಿಂಗಳ ಕಾಲ ಸಮಾಧಾನದಿಂದ ನಿಲ್ಲಬೇಕಾದರೆ ಆ ಶೋಕವೇ ನಡುವೆ ಎಲ್ಲೋ ಕರಗಿರಬೇಕು. ಸಾಕ್ಷಿಯಾಗಿ ಗುರುಗಳಿದ್ದದ್ದು ಆ ಕಾರಣಕ್ಕಾಗಿಯೇ. ಪರಿಣಾಮ ಕೆಟ್ಟರೆ ತಿದ್ದುವವರು ಹತ್ತಿರ ಬೇಕು.

ಇಂತಹ ಅಂತ್ಯವು ಒಂದು ದಿನದಲ್ಲಿ ಕೈಗೂಡುವುದಲ್ಲ. ಪೋಚಬ್ಬರಸಿಯಂತಹ ಶ್ರಾವಿಕೆಯ ನಿತ್ಯದ ಆಚಾರದಲ್ಲೇ ಅದಕ್ಕೆ ಅಭ್ಯಾಸವಿದೆ. ಸಮಂತಭದ್ರರು ಹೇಳಿದ ನಾಲ್ಕು ಶಿಕ್ಷಾವ್ರತಗಳು ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ. ಇವುಗಳಲ್ಲಿ ಪ್ರೋಷಧೋಪವಾಸವನ್ನು ಹಲವರು ಒಂದು ದಿನದ ಉಪವಾಸವೆಂದು ತಿಳಿದಿದ್ದಾರೆ. ಉತ್ತಮ ಪಕ್ಷದಲ್ಲಿ ಅದು ಹದಿನಾರು ಪ್ರಹರ, ಅಂದರೆ 48 ಗಂಟೆಗಳ ವ್ರತ. ಸಪ್ತಮಿಯಂದು ಒಪ್ಪೊತ್ತು ಉಂಡು, ಅಷ್ಟಮಿಯಂದು ಚತುರ್ವಿಧಾಹಾರವನ್ನೂ ಬಿಟ್ಟು, ನವಮಿಯಂದು ಮತ್ತೆ ಒಪ್ಪೊತ್ತು. ತ್ರಯೋದಶಿ ಚತುರ್ದಶಿಗಳಲ್ಲೂ ಹಾಗೆಯೇ. ಅಶಕ್ತರಿಗೆ ಮಧ್ಯಮದಲ್ಲಿ ನೀರುಂಟು, ಜಘನ್ಯದಲ್ಲಿ ಏಕಭುಕ್ತವುಂಟು. ಮುಪ್ಪಿನಲ್ಲಿ ಉತ್ತಮವನ್ನು ಬಿಟ್ಟು ಜಘನ್ಯಕ್ಕೆ ಬಂದ ಅಜ್ಜಿಯನ್ನು ಕಂಡು ಮನೆಯ ಕಿರಿಯರು ವ್ರತಭಂಗವಾಯಿತೆನ್ನುವುದುಂಟು. ಶಕ್ತಿಯನ್ನು ಅಡಗಿಸದೆ, ಶಕ್ತಿಯನ್ನು ಮೀರದೆ ಮಾಡುವುದೇ ತಪಸ್ಸಿನ ಲಕ್ಷಣವೆಂಬುದನ್ನು ಅವರು ಮರೆತಿರುತ್ತಾರೆ.

ಕೊಡಗಿನಂತಹ ನಾಡಿನಲ್ಲಿ ಈ ಆಚಾರಕ್ಕೆ ತೊಡಕುಗಳು ಹೆಚ್ಚು. ಅಷ್ಟಮೂಲಗುಣಗಳಲ್ಲಿ ಮದ್ಯ ಮಾಂಸಗಳೊಡನೆ ಮಧುವನ್ನೂ ಬಿಡಬೇಕು. ಆ ನಾಡಿನ ಹೆಸರುವಾಸಿಯಾದ ಪದಾರ್ಥವೇ ಜೇನು. ಮಳೆಗಾಲದಲ್ಲಿ ನೆರೆಮನೆಗಳಲ್ಲೆಲ್ಲ ಕಳಲೆ, ಅಣಬೆ. ಶ್ರಾವಿಕೆಯ ಅಡಿಗೆಮನೆಗೆ ಅವು ಅಲ್ಲ, ಎಳೆಯ ಮೊಳಕೆಯಲ್ಲಿ ಅನಂತ ಜೀವಗಳಿವೆ. ಮಳೆಯಲ್ಲಿ ಹುಳು ಹತ್ತಿದ ಸೊಪ್ಪನ್ನೂ ಬಿಡಬೇಕು. ಸೋಸಿದ ಹಸಿ ನೀರಿನ ಮರ್ಯಾದೆ ಒಂದು ಮುಹೂರ್ತ, 48 ನಿಮಿಷ. ಚೆನ್ನಾಗಿ ಕುದಿಸಿದರೆ ಎಂಟು ಪ್ರಹರ. ಹಸಿ ಸೌದೆ ಹೊಗೆಯಾಡುವ ದಿನಗಳಲ್ಲಿ ಈ ಲೆಕ್ಕವನ್ನು ತಪ್ಪದೆ ನಡೆಸುವುದು ಎಷ್ಟು ಶ್ರಮವೆಂದು ನಡೆಸಿದವರೇ ಬಲ್ಲರು. ಇನ್ನು ಸೂರ್ಯ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುಂಚೆ ಊಟ ಮುಗಿಯಬೇಕು; ಆಷಾಢ ಶ್ರಾವಣಗಳಲ್ಲಿ ಆ ಬೆಟ್ಟಗಳಲ್ಲಿ ಸೂರ್ಯನೇ ಕಾಣುವುದಿಲ್ಲ. ಗಡಿಯಾರವಿಲ್ಲದ ಕಾಲದ ಅಜ್ಜಿಯರು ಸಂದೇಹ ಬಂದ ದಿನ ಊಟವನ್ನೇ ಬಿಡುತ್ತಿದ್ದರು. ಇದನ್ನು ಅತಿ ಎನ್ನುವವರುಂಟು. ಸಂದೇಹದಲ್ಲಿ ತ್ಯಾಗದ ಕಡೆಗೆ ವಾಲುವುದು ಆ ತಲೆಮಾರಿನ ಸ್ವಭಾವ.

ನಾಲ್ಕನೆಯ ಶಿಕ್ಷಾವ್ರತವಾದ ವೈಯಾವೃತ್ಯದಲ್ಲಿ ದಾನವು ಸೇರಿದೆ. ದಾನವೆಂದರೆ ಆಹಾರ, ಔಷಧ, ಶಾಸ್ತ್ರ, ಅಭಯವೆಂದು ಇಂದು ಬಾಯಿಪಾಠ ಹೇಳುತ್ತೇವೆ. ರತ್ನಕರಂಡಕದಲ್ಲಿರುವುದು ಆಹಾರ, ಔಷಧ, ಉಪಕರಣ, ಆವಾಸ. ಬಸದಿಯ ಬಳಿ ಮುನಿಗಳಿಗೆ ನೆಲೆಯನ್ನು ಮಾಡಿಸಿ ಭೂಮಿ ಬಿಡುತ್ತಿದ್ದ ಪೋಚಬ್ಬರಸಿಯ ಕಾಲದವರ ದಾನಪದ್ಧತಿಗೆ ಈ ಎಣಿಕೆ ಚೆನ್ನಾಗಿ ಹೊಂದುತ್ತದೆ. ತಾಯಿಯ ತಿಥಿಯಂದು ಏನು ಮಾಡಬೇಕೆಂದು ಕೇಳುವ ಮನೆಗಳಿಗೂ ಇದರಲ್ಲಿ ಉತ್ತರವುಂಟು. ಆ ದಿನ ಅಭಿಷೇಕ ಪೂಜೆ. ಶಕ್ತಿಯಿದ್ದವರಿಗೆ ಉಪವಾಸ, ಇಲ್ಲದವರಿಗೆ ಏಕಭುಕ್ತ. ಆಕೆ ಓದಿಸಿ ಕೇಳುತ್ತಿದ್ದ ಗ್ರಂಥದ ಒಂದು ಭಾಗದ ಸ್ವಾಧ್ಯಾಯ. ರೋಗಿಗೆ ಔಷಧ, ಓದುವ ಮಗುವಿಗೆ ಪುಸ್ತಕ. ಆಕೆಗೆ ಇಷ್ಟವಾಗಿದ್ದ ಭಕ್ಷ್ಯಗಳನ್ನು ಮಾಡಿ ಬಂಧುಗಳನ್ನು ಕರೆದು ಉಣ್ಣುವುದು ಲೋಕದ ರೂಢಿ. ಅದರಲ್ಲಿ ದೊಡ್ಡ ದೋಷವಿಲ್ಲವಾದರೂ ವ್ರತವನ್ನೇ ಇಷ್ಟಪಟ್ಟವಳ ನೆನಪಿಗೆ ಹೋಳಿಗೆಯ ಊಟ ಅಷ್ಟೇನೂ ಒಪ್ಪುವುದಿಲ್ಲ.

ವೈಯಾವೃತ್ಯದ ಇನ್ನೊಂದು ಅಂಗವು ದ್ವಾರಾಪೇಕ್ಷಣೆ. ಪಾರಣೆಗೆ ಮುಂಚೆ ಶುದ್ಧವಸ್ತ್ರವನ್ನುಟ್ಟು ಬಾಗಿಲಲ್ಲಿ ನಿಂತು, ಸತ್ಪಾತ್ರರು ಯಾರಾದರೂ ಬರುವರೇ ಎಂದು ದಾರಿ ನೋಡುವುದು. ಗುಣಸೇನ ಪಂಡಿತರ ಕಾಲದ ಮುಳ್ಳೂರಿನಲ್ಲಿ ಆ ನಿರೀಕ್ಷೆ ಅನೇಕ ದಿನ ಸಫಲವಾಗುತ್ತಿತ್ತು. ಇಂದು ಕೊಡಗಿನ ದಾರಿಗಳಲ್ಲಿ ದಿಗಂಬರ ಮುನಿಗಳ ವಿಹಾರ ವಿರಳ. ತೋಟದ ನಡುವಿನ ಒಂಟಿ ಮನೆಯ ಬಾಗಿಲಿಗೆ ಪಾತ್ರರು ಬರುವ ಸಂಭವವೇ ಇಲ್ಲವೆನ್ನಬಹುದು. ಪಾತ್ರರು ಬಾರದಿದ್ದರೂ ದಾರಿ ನೋಡಿದವರ ಭಾವನೆಗೆ ಫಲವುಂಟೆಂದು ಹಿರಿಯರು ಹೇಳುತ್ತಾರೆ. ಉಪವಾಸದ ಮರುದಿನ, ಮನೆಮಂದಿಯೆಲ್ಲ ಬೇಗ ಪಾರಣೆ ಮಾಡೆಂದು ಒತ್ತಾಯಿಸುತ್ತಿದ್ದರೂ, ಕೈಯಲ್ಲಿ ಕಲಶವನ್ನು ಹಿಡಿದು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಆ ಮೇಲೆ ಒಳಗೆ ಬಂದು ಮೊದಲ ತುತ್ತನ್ನೆತ್ತುವ ಅಜ್ಜಿಯರು ನಮ್ಮ ಸಮಾಜದಲ್ಲಿ ಇನ್ನೂ ಇದ್ದಾರೆ.